ದುಗ್ಗಪ್ಪನ ಕಾರಿನ ಮರಿಹಂಡೆ

"ಆರಿದ್ರಾ ಮಳೇಲಿ ನನ್ನ ಕಾರೊಳಗೆ ಹಪ್ಪಳ ಒಣಗಿಸಿ ತೋರಿಸ್ತೀನಿ, ಬೆಟ್ ಕಟ್ಟೋರು ಬನ್ನಿ! ಈ ಬಿಸಿಗಾಳಿ ನನ್ನ ಕಾಲಕ್ಕೆ ಮುಗಿಯೋದಲ್ಲ. ನನ್ನ ಮೊಮ್ಮಗನ ದಿಬ್ಬಣಕ್ಕೂ ಇದೇ ಬೀಸ್ತದೆ."

ಹೊಸನಗರದ ಹೂವಯ್ಯನ ಹೋಟೆಲಿನ ಬೆಂಚಿನ ಮೇಲೆ ಕೂತು ದುಗ್ಗಪ್ಪ ಹೀಗೆ ಹೇಳಿದಾಗ ಮೊಮ್ಮಗ ಹಾಗಿರಲಿ, ಅವನಿಗೆ ಮಗನೂ ಇರಲಿಲ್ಲ, ಮದುವೆಯೂ ಆಗಿರಲಿಲ್ಲ. ಹೆಣ್ಣು ಕೊಡಲು ಬಂದವರನ್ನು ಅವನು ಮೊದಲು ಕಾರೊಳಗೆ ಕೂರಿಸಿ ಬಿಸಿಗಾಳಿ ಬಿಡುತ್ತಿದ್ದ. ಅವರು ಬೆವರು ಒರೆಸಿಕೊಂಡು ಇಳಿದು, ಆಲೋಚನೆ ಮಾಡಿ ಹೇಳ್ತೀವಿ ಅಂದವರು ಇಂದಿನವರೆಗೂ ಆಲೋಚನೆ ಮಾಡುತ್ತಲೇ ಇದ್ದಾರೆ.

ದುಗ್ಗಪ್ಪ ಬ್ಯಾಕೋಡಿನ ಕಡೆಯ ದೀವರವನು. ಅವನ ಊರು ಈಗ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಅಡಿಯಲ್ಲಿದೆ. ಮುಳುಗುವುದಕ್ಕೆ ಮೊದಲು, ಊರು ಮುಳುಗಿಸುವ ಆ ಕಟ್ಟೆಯ ಕೆಲಸಕ್ಕೇ ಅವನು ಡ್ರೈವರಾಗಿ ಸೇರಿದ್ದ. "ನಮ್ಮನೆ ಮುಳುಗಿಸೋ ಕಲ್ಲನ್ನ ನಾನೇ ಹೊತ್ತು ಹಾಕಿದ್ದು, ಬೇರೆಯವರಾಗಿದ್ರೆ ಇಷ್ಟು ನೀಟಾಗಿ ಮುಳುಗ್ತಿರಲಿಲ್ಲ" ಅಂತ ನಗುತ್ತಿದ್ದ. ಆ ನಗುವನ್ನು ಹೆಚ್ಚು ಹೊತ್ತು ನೋಡಬಾರದು. ನೋಡಿದರೆ ನಮಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಕಟ್ಟೆ ಮುಗಿದ ವರ್ಷ ಒಬ್ಬ ಕಂಟ್ರಾಕ್ಟರು ಊರು ಬಿಟ್ಟು ಹೊರಟ. ಅವನ ಹತ್ತಿರ ಇಂಗ್ಲೆಂಡಿನಿಂದ ಬಂದ ಒಂದು ಹಳೆಯ ಕಾರಿತ್ತು. ಕಾಡುಕೋಣದ ಬಣ್ಣ, ಕಾಡುಕೋಣದ ಗಾತ್ರ, ಗುಡ್ಡ ಹತ್ತುವಾಗ ಉಸಿರೂ ಅದರದೇ. ಮುಳುಗಿದ ಗದ್ದೆಗೆ ಬಂದ ಪರಿಹಾರವನ್ನೆಲ್ಲ ಸುರಿದು ದುಗ್ಗಪ್ಪ ಅದನ್ನು ಕೊಂಡ, ಹೊಸನಗರಕ್ಕೆ ಬಂದು ಬಾಡಿಗೆಗೆ ಬಿಟ್ಟ. ಜನ ಅದಕ್ಕೆ 'ಕಾಟಿ' ಅಂತ ಹೆಸರಿಟ್ಟರು. ಹಾಗೆ ನಾಲ್ಕು ಸೀಮೆಗೆಲ್ಲ, ಗದ್ದೆ ಹೋಗಿ ಗಾಡಿಯಾದ ಮನುಷ್ಯ ಅವನೊಬ್ಬನೇ ಆದ.

ಆ ಕಾರು ಹುಟ್ಟಿದ ದೇಶದಲ್ಲಿ ಚಳಿ ಎಷ್ಟೆಂದರೆ, ಹಸು ಕರೆದರೆ ಚೆಂಬಿಗೆ ನೇರ ಬೆಣ್ಣೆಯೇ ಬೀಳುತ್ತದೆ ಎಂದು ದುಗ್ಗಪ್ಪ ಸಿಗಂದೂರು ದೇವಿಯ ಮೇಲೆ ಆಣೆ ಇಟ್ಟು ಹೇಳುತ್ತಿದ್ದ. ಅದಕ್ಕೇ ಅಲ್ಲಿಯವರು ಕಾರೊಳಗೆ ಒಂದು ಹೀಟರು ಇಟ್ಟಿರುತ್ತಾರೆ. ಅದರಲ್ಲಿ ಮಾಯವೇನೂ ಇಲ್ಲ. ಇಂಜಿನ್ನು ಕಾಯುತ್ತದೆ, ಅದನ್ನು ತಣಿಸಲು ನೀರು ಸುತ್ತುತ್ತದೆ, ನೀರೂ ಕಾಯುತ್ತದೆ. ಆ ಬಿಸಿ ನೀರನ್ನು ಎರಡು ಪೈಪಿನಲ್ಲಿ ಒಳಗೆ ತಂದು, ಮುಂದಿನ ಸೀಟಿನವರ ಕಾಲಿನ ಹತ್ತಿರ, ತಾಮ್ರದ ಸಣ್ಣ ಸಣ್ಣ ಕೊಳವೆಗಳ ಒಂದು ಗೂಡಿನ ಮೂಲಕ ಹಾಯಿಸುತ್ತಾರೆ. ಹಿಂದೊಂದು ಫ್ಯಾನು. ಗಾಳಿ ಆ ಗೂಡನ್ನು ಹಾದು ಬೆಚ್ಚಗಾಗಿ ಕಾಲಿಗೆ ಬಡಿಯುತ್ತದೆ. ಮೆಕ್ಯಾನಿಕ್ಕುಗಳು ಆ ಗೂಡಿಗೆ ಹೀಟರ್ ಕೋರು ಅನ್ನುತ್ತಾರೆ. ದುಗ್ಗಪ್ಪ ಅದಕ್ಕೆ 'ಮರಿಹಂಡೆ' ಅಂದ. ತಾಮ್ರ, ಬಿಸಿನೀರು, ಮೈ ಬೆಚ್ಚಗೆ ಮಾಡುವುದು. ಇನ್ನೇನು, ಬಚ್ಚಲ ಹಂಡೆಯ ಮಗುವೇ ತಾನೆ?

ಎಡವಟ್ಟಾದದ್ದು ಅಲ್ಲೇ.

ನಮ್ಮ ಕಡೆ ದೀಪಾವಳಿಗೆ ನೀರು ತುಂಬುವ ಹಬ್ಬ ಅಂತ ಇದೆಯಲ್ಲ. ಹಿಂದಿನ ದಿನ ಹಂಡೆಯ ಹಳೇ ನೀರು ಚೆಲ್ಲಿ, ವಾಟೆಹುಳಿ ಉಪ್ಪು ಹಾಕಿ ತಿಕ್ಕಿ, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತಿ, ಹೊಸ ನೀರು ತುಂಬಬೇಕು. ದುಗ್ಗಪ್ಪನ ತಾಯಿ ಹಾಗೆ ತಿಕ್ಕಿದ ಹಂಡೆಯನ್ನು ಅವಳ ಅತ್ತೆ ತಿಕ್ಕಿದ್ದಳು, ಅತ್ತೆಯ ಅತ್ತೆ ತಿಕ್ಕಿದ್ದಳು. ಆ ಹಂಡೆ ಹಾಗೇ ಇತ್ತು. ಕಾರು ಕೊಂಡ ಮೊದಲ ದೀಪಾವಳಿಗೆ ದುಗ್ಗಪ್ಪ ಬಾನೆಟ್ಟು ಎತ್ತಿ ನೀರು ಬಿಚ್ಚಿ ನೋಡುತ್ತಾನೆ, ಒಳಗಿಂದ ಹಸಿರು ನೀರು ಬಂತು!

"ಅಯ್ಯೋ ಹೊಲಸೇ! ಪಾಚಿ ಕಟ್ಟಿದೆ. ಆ ಕಂಟ್ರಾಕ್ಟರಿಗೆ ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ತಿಕ್ಕಿಸಿಯೇ ಇಲ್ಲ!"

ಅದನ್ನು ಬೇಲಿ ಬುಡಕ್ಕೆ ಚೆಲ್ಲಿದ. ವಾಟೆಹುಳಿಯ ಕಟ್ಟು ನೀರಿಗೆ ಉಪ್ಪು ಕದಡಿ, ಕುದಿಸಿ, ಮರಿಹಂಡೆಯೊಳಗೆ ತುಂಬಿ ನೆನೆಯಲು ಬಿಟ್ಟ. ಮಾರನೇ ದಿನ ಬಿಚ್ಚಿದರೆ ನೀಲಿ ನೀಲಿ ನೀರು. ಕೊಳೆ ಎಷ್ಟು ಬಂತು ನೋಡಿ ಎಂದು ಕೇರಿಗೆಲ್ಲ ಕರೆದು ತೋರಿಸಿದ. ಹಿಂಡ್ಲೆ ಬಳ್ಳಿ ಕಟ್ಟಿ, ಕುಂಕುಮ ಹಚ್ಚಿ, ಹೊಳೆಯ ಹೊಸ ನೀರು ತುಂಬಿದ. ಗಾಳಿ ಮೊದಲಿಗಿಂತ ಬಿಸಿಯಾಗಿಯೇ ಬಂತು. ಇಷ್ಟು ಒಳ್ಳೆಯ ಕೆಲಸವನ್ನು ವರ್ಷಕ್ಕೊಮ್ಮೆ ಮಾತ್ರ ಯಾಕೆ ಮಾಡಬೇಕು? ಭೂಮಿ ಹುಣ್ಣಿಮೆಗೂ ಮಾಡಿದ, ಯುಗಾದಿಗೂ ಮಾಡಿದ. ಹೂವಯ್ಯನ ಮಾತು ನಂಬುವುದಾದರೆ ಅಮಾವಾಸ್ಯೆ, ಸಂಕಷ್ಟಿ, ಇಲೆಕ್ಷನ್ನು, ಯಾವುದನ್ನೂ ಬಿಡಲಿಲ್ಲ.

ಆದರೆ ಬಿಸಿಯೇನೋ ಸುಳ್ಳಲ್ಲ. ಹಡೆಯುವವರು, ಹಾವು ಕಚ್ಚಿದವರು, ಜ್ವರದಲ್ಲಿ ಹಲ್ಲು ಕಟಕಟಿಸುವವರು, ಎಲ್ಲರನ್ನೂ ತೀರ್ಥಹಳ್ಳಿಗೋ ಸಾಗರಕ್ಕೋ ಮುಟ್ಟಿಸುತ್ತಿದ್ದದ್ದು ಕಾಟಿಯೇ. ಹೆಚ್ಚು ಕಾಯಿಲೆಯವರಿಗೆ ಮುಂದಿನ ಸೀಟು, ಮರಿಹಂಡೆಯ ಎದುರು. ಅದು ದುಗ್ಗಪ್ಪನ ಕಾನೂನು. ಕಾಲು ಬೆಚ್ಚಗಾದ ಮುದುಕಿಯೊಬ್ಬಳು "ಸತ್ರೂ ಚಿಂತಿಲ್ಲ ತಮ್ಮಾ, ಇಲ್ಲೇ ಸಾಯ್ತೀನಿ" ಅಂದದ್ದನ್ನು ಅವನು ಮೂರು ತಾಲೂಕಿಗೆ ಹೇಳಿಕೊಂಡು ತಿರುಗಿದ.

ಅರವತ್ತೇಳನೇ ಇಸವಿ ಮಳೆ ಹಿಡಿದ ಮೇಲೆ ಬ್ರೇಕು ತೋರಿಸಲು ಅವನು ಸಾಗರಕ್ಕೆ, ಗಜಾನನನ ಗ್ಯಾರೇಜಿಗೆ ಹೋದ. ಗಜಾನನ ಹವ್ಯಕರ ಹುಡುಗ. ಮಂತ್ರ ಕಲಿಯಲು ಕಳಿಸಿದರೆ ಲಾರಿ ಹತ್ತಿ ಓಡಿಹೋಗಿ, ಜನಿವಾರಕ್ಕೆ ಗ್ರೀಸು ಬಳಿದುಕೊಂಡು ವಾಪಸು ಬಂದವನು. ಬಾಯಿ ದುಗ್ಗಪ್ಪನಷ್ಟೇ ದೊಡ್ಡದು. ಬ್ರೇಕು ನೋಡುತ್ತಿದ್ದವನು ಮುಂದಿನ ಸೀಟಿನ ಕೆಳಗೆ ಕೈ ಹಾಕಿ ಗೋಣಿಚೀಲ ಮುಟ್ಟಿ ನೋಡಿದ.

"ಒದ್ದೆ ಇದ್ದಲ್ಲೋ."

"ಮಳೆಗಾಲ ಮಾರಾಯ. ನಿಂದು ಒಣಗಿದ್ಯಾ?"

"ಮಳೆ ನೀರು ತಣ್ಣಗಿರ್ತು. ಇದು ಬೆಚ್ಚಗಿದ್ದು. ಗಾಜು ಒಳಗಿಂದ ಮಂಜು ಹಿಡೀತಾ?"

"ಹೊಗೆಸೊಪ್ಪು ಉಜ್ತೀನಿ, ಹೋಗ್ತದೆ."

"ರೇಡಿಯೇಟರಿಗೆ ದಿನಾ ನೀರು ಹೊಯ್ತ್ಯಾ?"

"ದಿನಾ ಹೊಯ್ತೀನಿ. ಕಾಟಿ ಅಂದ್ಮೇಲೆ ನೀರು ಕುಡಿಯಲ್ವಾ?"

ಗಜಾನನ ಕೈ ಒರೆಸಿಕೊಂಡ. "ಕೋರು ಸೋರ್ತಾ ಇದೆ ದುಗ್ಗಪ್ಪ. ಆ ಎರಡು ಪೈಪನ್ನ ಕಿತ್ತು ಒಂದಕ್ಕೊಂದು ಸೇರಿಸಿ ಬಿಡ್ತೀನಿ, ಚಾ ಕುಡಿಯೋದ್ರೊಳಗೆ ಮುಗೀತದೆ. ಕಾರು ಓಡ್ತದೆ. ಬಿಸಿ ಮಾತ್ರ ಬರಲ್ಲ."

"ಬಿಸಿ ಇಲ್ದಿದ್ರೆ ನನ್ನ ಕಾರಿಗೂ ಹೂವಯ್ಯನ ಬೆಂಚಿಗೂ ಏನೋ ವ್ಯತ್ಯಾಸ?"

"ಬೆಂಚು ಮುರಿದ್ರೆ ಕಾಲು ಸುಡಲ್ಲ."

"ತಾಮ್ರ ಕಣೋ ಅದು! ನಿನ್ನ ಗ್ಯಾರೇಜಿನ ತಗಡಲ್ಲ. ಬ್ರೇಕು ಆಯ್ತಾ? ಬರ್ತೀನಿ."

ದಿಂಬು, ಹಾಸಿಗೆ, ಬೆಂಕಿಪೊಟ್ಟಣ, ದೇವರ ಪಟದ ಹಿಂದಿನ ಗೋಡೆ, ಎಲ್ಲವೂ ಒದ್ದೆಯಾಗಿರುವ ಸೀಮೆಯಲ್ಲಿ ಒಂದು ಗೋಣಿಚೀಲ ಒದ್ದೆಯಾದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಮರಿಹಂಡೆ ಅವನಿಗೆ ಹೇಳುವಷ್ಟು ಹೇಳಿತು. ಊರಿಗೆ ಊರೇ ಸೋರುತ್ತಿದ್ದದ್ದರಿಂದ ಅದರ ದನಿ ಕೇಳಿಸಲಿಲ್ಲ.

ಆಷಾಢದಲ್ಲಿ ಒಂದು ಬೆಳಗ್ಗೆ ಭೂತಪ್ಪ ಓಡಿ ಬಂದ. ಅವನೂ ಮುಳುಗಡೆಯವನು. ದುಗ್ಗಪ್ಪನ ಊರಿನವನೇ, ಒಟ್ಟಿಗೆ ದನ ಕಾದವನು. ಅವನ ಹೆಂಡತಿ ಬೆಳ್ಳಮ್ಮನಿಗೆ ಚೊಚ್ಚಲು. ಹಿಂದಿನ ದಿನದಿಂದ ನೋವು, ಮಗು ಕೆಳಗಿಳಿಯುತ್ತಿಲ್ಲ. ಸೂಲಗಿತ್ತಿ ಯಮುನಮ್ಮ ಕೈ ಚೆಲ್ಲಿ, ತೀರ್ಥಹಳ್ಳಿಗೆ ಹೊರಡಿಸಿ ಅಂದಿದ್ದಳು.

ಕಾಟಿ ಅವರ ಬಾಗಿಲಿಗೆ ಹೋಯಿತು. ಯಮುನಮ್ಮ ಹಿಂದಿನ ಸೀಟಿಗೆ ಚಾಪೆ ಹಾಸಿದಳು.

"ಹಿಂದೆ ಮಲಗಲಿ. ನನ್ನ ತೊಡೆ ಮೇಲೆ ತಲೆ ಇಡ್ಲಿ."

"ಮುಂದೆ ಕೂರಿಸಿ," ಅಂದ ದುಗ್ಗಪ್ಪ. "ನೋಡಿ ಹೆಂಗೆ ನಡುಗ್ತಿದಾಳೆ."

"ನೋವಿಗೆ ನಡುಗ್ತಿರೋದು ಅವಳು. ಚಳಿಗಲ್ಲ."

"ಯಮುನಕ್ಕ, ಹೆರಿಗೆ ನಿಂದು, ಕಾರು ನಂದು. ಕಾಲು ಬೆಚ್ಚಗಾದ್ರೆ ಮೈ ಸಡಿಲಾಗ್ತದೆ."

ಬೆಳ್ಳಮ್ಮನಿಗೆ ಯಾರ ಮಾತೂ ಬೇಕಿರಲಿಲ್ಲ. ಕೂರಿಸಿದಲ್ಲಿ ಕೂತಳು. ಯಮುನಮ್ಮನೂ ಭೂತಪ್ಪನೂ ಹಿಂದೆ ಹತ್ತಿದರು. ದುಗ್ಗಪ್ಪನೇ ಬಗ್ಗಿ ಅವಳ ಎರಡೂ ಪಾದಗಳನ್ನು ಹಿಡಿದು, ತಂಗಿಯ ಕಾಲು ಹಿಡಿದ ಹಾಗೆ ಹಿಡಿದು, ಮರಿಹಂಡೆಯ ಬಾಯಿಗೆ ಒತ್ತಿ ಇಟ್ಟ.

ಆವತ್ತಿನ ಮಳೆಯ ವಿಷಯ ಹೇಳುವುದಾದರೆ, ಹೊಳೆಯ ಮೀನುಗಳು ಸ್ವಲ್ಪ ಒಣಗಿದ ಜಾಗ ಹುಡುಕಿಕೊಂಡು ಹೊಳೆಗೇ ವಾಪಸು ಹೋಗುತ್ತಿದ್ದವು. ಗಾಜಿನ ಹೊರಗೆ ನೀರು, ಒಳಗೆ ಮಂಜು. ದುಗ್ಗಪ್ಪ ಒಂದು ಕೈಯಲ್ಲಿ ಹೊಗೆಸೊಪ್ಪು ಉಜ್ಜುತ್ತ, ಇನ್ನೊಂದರಲ್ಲಿ ಸ್ಟೇರಿಂಗು ಹಿಡಿದು ಓಡಿಸಿದ. ಬೆಳ್ಳಮ್ಮ ನೋವು ಬಂದಾಗ ಅವನ ತೋಳು ಹಿಡಿದು ಹಿಂಡುತ್ತಿದ್ದಳು. ನೋವು ಬಿಟ್ಟಾಗ "ಕಾಲು ಹಾಯಾಯ್ತು ದುಗ್ಗಣ್ಣ" ಅಂದಳು. ಅವನು ಕನ್ನಡಿಯಲ್ಲಿ ಯಮುನಮ್ಮನ ಮುಖ ನೋಡಿ ಹುಬ್ಬು ಹಾರಿಸಿದ.

ಕೋಣಂದೂರು ಇನ್ನೂ ಮುಂದಿತ್ತು. ಒಂದು ಏರಿನಲ್ಲಿ ಗಾಡಿ ಕೆಸರಿಗೆ ಸಿಕ್ಕಿತು. ಅವನು ಗೇರು ಇಳಿಸಿ ಒತ್ತಿದ, ಇಂಜಿನ್ನು ಅರಚಿತು, ನೀರು ಕುದಿ ಬಂತು. ಕಾಟಿ ಕೆಸರಿನಿಂದ ಎದ್ದು ಬಂದದ್ದಕ್ಕೂ ಮರಿಹಂಡೆ ಒಡೆದದ್ದಕ್ಕೂ ಅಂತರವೇ ಇರಲಿಲ್ಲ. ಒಳಗೆ ಏನೋ ಬುಸ್ಸೆಂದಿತು. ಕಾರು ತುಂಬ ಬಿಳಿ ಹಬೆ. ಅದರೊಳಗಿಂದ ಬೆಳ್ಳಮ್ಮನ ಕೂಗು.

ಹೆರಿಗೆ ನೋವಿನ ಕೂಗು ಬೇರೆ. ಯಮುನಮ್ಮನಿಗೆ ಅದು ಗೊತ್ತು. ಕಾಣದ ಹಬೆಯಲ್ಲೇ ಅವಳು "ಇದು ಅದಲ್ಲ, ಇದು ಅದಲ್ಲ!" ಎಂದು ಹಿಂದಿನಿಂದ ತಡಕಾಡಿದಳು.

ದುಗ್ಗಪ್ಪ ಬ್ರೇಕು ಒತ್ತಿ, ಬೆಳ್ಳಮ್ಮನ ಕಾಲುಗಳನ್ನು ಎಳೆದು ಮೇಲೆತ್ತಿ ಬಾಗಿಲು ಒದ್ದ. ಪಾದದ ಮೇಲಿನ ಚರ್ಮ ಅವನ ಕೈಗೆ ಬಂತು. ಕುದಿನೀರು ಅವನ ಎಡಗಾಲಿನ ಮೇಲೂ ಹರಿದಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೆಳ್ಳಮ್ಮನನ್ನು ಹಿಂದಿನ ಸೀಟಿಗೆ, ಮೊದಲೇ ಹಾಸಿದ್ದ ಚಾಪೆಗೆ ಹೊತ್ತು ಹಾಕಿದರು. ದುಗ್ಗಪ್ಪ ಬಾನೆಟ್ಟು ಎತ್ತಿದ. ಇಂಜಿನ್ನಿನ ನೀರೆಲ್ಲ ಒಡೆದ ಗೂಡಿನಿಂದ ಹರಿದು ಖಾಲಿಯಾಗಿತ್ತು. ಗಜಾನನ ಚಾ ಕುಡಿಯುವುದರೊಳಗೆ ಮಾಡುತ್ತೇನೆ ಅಂದಿದ್ದ ಕೆಲಸವನ್ನೇ ಅವನು ಮಳೆಯಲ್ಲಿ ನಿಂತು ಮಾಡಿದ. ಎರಡೂ ಪೈಪು ಕಿತ್ತು, ನಡುವೆ ಬಿದಿರಿನ ತುಂಡೊಂದನ್ನು ಕೆತ್ತಿ ತೂರಿಸಿ, ತಂತಿ ಬಿಗಿದ. ನಿಜವಾಗಿಯೂ ಹೊತ್ತೇನೂ ಹಿಡಿಯಲಿಲ್ಲ. ಹೊತ್ತು ಹಿಡಿದದ್ದು ಆಮೇಲಿನದು.

ಭೂತಪ್ಪ ತಲೆಯ ಅಡಿಕೆ ಹಾಳೆಟೋಪಿ ತೆಗೆದು, ಚರಂಡಿಯಿಂದ ನೀರು ಮೊಗೆದು ತಂದ. "ಹೊಯ್ಯೋ!"

"ತಡಿ."

"ತಡಿಯೋದಾ? ಸಾಯ್ತಿದಾಳೆ ಅಲ್ಲಿ!"

"ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದ್ರೆ ಬಿರಿದು ಹೋಗ್ತದೆ ಭೂತಪ್ಪ. ಆಮೇಲೆ ಇಲ್ಲಿಂದ ಏಳೋದೇ ಇಲ್ಲ. ತಣೀಬೇಕು."

"ಎಷ್ಟು ಹೊತ್ತು?"

ದುಗ್ಗಪ್ಪ ಇಂಜಿನ್ನಿನ ಕಡೆ ಬಗ್ಗಿದ. ಕಬ್ಬಿಣದ ಮೇಲೆ ಅಂಗೈ ಇಟ್ಟು ನಿಂತ, ಸುಟ್ಟಿತು, ತೆಗೆದ. ಮತ್ತೆ ಇಟ್ಟ, ಸುಟ್ಟಿತು. ಲೋಕದ ನೀರೆಲ್ಲ ಅವರ ಮೈ ಮೇಲೆ ಬೀಳುತ್ತಿತ್ತು. ಹೊಯ್ಯುವಂತಿರಲಿಲ್ಲ. ಭೂತಪ್ಪ ನೀರು ತುಂಬಿದ ಹಾಳೆಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ನೈವೇದ್ಯ ಹಿಡಿದವನ ಹಾಗೆ, ನಿಂತೇ ಇದ್ದ. ಕಾರೊಳಗೆ ಬೆಳ್ಳಮ್ಮನ ಕೂಗು ಮೊದಲು ದೊಡ್ಡದಾಯಿತು, ಆಮೇಲೆ ಸಣ್ಣದಾಯಿತು. ಸಣ್ಣದಾದದ್ದೇ ಕೇಳಲಾಗುತ್ತಿರಲಿಲ್ಲ.

ಕೊನೆಗೆ ಕೈ ತಾಳಿತು. ನೀರು ಹೊಯ್ದರು, ಗಾಡಿ ಹೊರಟಿತು. ಗಾಜಿನಲ್ಲಿ ದಾರಿ ಕಾಣದೆ ದುಗ್ಗಪ್ಪ ತೀರ್ಥಹಳ್ಳಿಯವರೆಗೂ ತಲೆಯನ್ನು ಕಿಟಕಿಯಿಂದ ಹೊರಗಿಟ್ಟು ಓಡಿಸಿದ.

ಆಸ್ಪತ್ರೆಯಲ್ಲಿ ಬೆಳ್ಳಮ್ಮನನ್ನು ಉಳಿಸಿದರು. ಮಗು ಗಂಡು. ಅಳಲಿಲ್ಲ.

ಯಮುನಮ್ಮ ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ದುಗ್ಗಪ್ಪ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳಿದ: "ನಾವು ದಾರೀಲಿ ನಿಂತಾಗ ಜೀವ ಇತ್ತಾ ಯಮುನಕ್ಕ?"

"ಯಾರಿಗೆ ಗೊತ್ತು."

"ಡಾಕ್ಟ್ರು ಏನಂದ್ರು?"

"ಅವರೂ ಅದೇ ಅಂದ್ರು. ಹೇಳಕ್ಕಾಗಲ್ಲ ಅಂತ."

ಇತ್ತು ಅಂದಿದ್ದರೆ ಅವನು ಎದೆ ಬಡಿದುಕೊಳ್ಳುತ್ತಿದ್ದ, ಇರಲಿಲ್ಲ ಅಂದಿದ್ದರೆ ಉಸಿರು ಬಿಡುತ್ತಿದ್ದ. ಹೇಳಕ್ಕಾಗಲ್ಲ ಅನ್ನುವುದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ಹಾಗೇ ಇಟ್ಟುಕೊಂಡ.

ಕಾಲು ಮಾಯದೆ ಮನೆಗೆ ಮರಳಿದ ಬೆಳ್ಳಮ್ಮ ಆ ವರ್ಷ ಗದ್ದೆಯ ಕೆಸರಿಗೆ ಇಳಿಯಲಿಲ್ಲ. ಭೂತಪ್ಪ ದುಗ್ಗಪ್ಪನನ್ನು ಕಂಡರೆ ದಾರಿಯ ಆಚೆ ಬದಿಗೆ ಹೋಗುತ್ತಿದ್ದ. ಬೈದಿದ್ದರೂ ಆಗುತ್ತಿತ್ತು. ಬೈಯಲಿಲ್ಲ.

ದುಗ್ಗಪ್ಪ ಕುಂಟುತ್ತ ಮರಿಹಂಡೆಯನ್ನು ಬಿಚ್ಚಿಕೊಂಡು ಸಾಗರಕ್ಕೆ ಹೋದ. ಗಜಾನನ ತಗಡು ಕತ್ತರಿಯಲ್ಲಿ ಅದನ್ನು ಎರಡು ಸೀಳು ಮಾಡಿ ಬೆಳಕಿಗೆ ಹಿಡಿದ. ಒಳಗೆ ಲಕಲಕ ಹೊಳೆಯುತ್ತಿತ್ತು. ತೂತುಗಳಲ್ಲಿ ಬೆಳಕು ನಕ್ಷತ್ರದ ಹಾಗೆ ಬರುತ್ತಿತ್ತು.

"ಎಂತ ಮಾಡಿದ್ಯೋ ಇದಕ್ಕೆ? ಇಲ್ಲಿ ತಾಮ್ರವೇ ಇಲ್ಲೆ! ಈರುಳ್ಳಿ ಸಿಪ್ಪೆ ಉಳಕೊಂಡಿದೆ."

ದುಗ್ಗಪ್ಪ ಎಲ್ಲ ಹೇಳಿದ. ಹಸಿರು ಪಾಚಿ, ವಾಟೆಹುಳಿ, ಉಪ್ಪು, ಹುಣ್ಣಿಮೆ.

ಗಜಾನನ ನಗಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿದ. "ಅದು ಪಾಚಿ ಅಲ್ಲ ಮಾರಾಯ. ಔಷಧಿ. ನೀರು ಹೆಪ್ಪುಗಟ್ಟದ ಹಾಗೆ, ತಾಮ್ರ ಕಬ್ಬಿಣಾನ ಆ ನೀರು ತಿನ್ನದ ಹಾಗೆ ಹಾಕಿರ್ತಾರೆ. ಅದು ಇದ್ದಿದ್ರೆ ಈ ಕೋರು ಹತ್ತು ಹದಿನೈದು ವರ್ಷ ಸಲೀಸಾಗಿ ಬಾಳ್ತಿತ್ತು. ಬೇರೆಯವರ ಕಾರಲ್ಲಿ ಇದು ಸಾಯೋದು ಹೊಲಸಿಂದ. ತುಕ್ಕು, ಮಣ್ಣು ಕಟ್ಟಿ ಕೊಳವೆ ಮುಚ್ಚಿ, ಕೊಳೆತು ಹೋಗ್ತದೆ. ನಿಂದು ಸ್ವಚ್ಛ ಮಾಡೀ ಮಾಡೀ ಸತ್ತಿದೆ. ಹುಳಿ ತಾಮ್ರ ತಿಂತು, ಉಪ್ಪು ಬೆಸುಗೆ ತಿಂತು. ಪ್ರತಿ ಸಲ ಹೊಸ ನೀರು ತುಂಬಿದಾಗ ಅದರ ಜೊತೆ ಹೊಸ ಗಾಳಿ ಒಳಗೆ ಹೋಗಿ ಉಳಿದದ್ದು ತಿಂತು. ನೀಲಿ ನೀರು ಬಂತು ಅಂದ್ಯಲ್ಲ, ಅದು ಕೊಳೆ ಅಲ್ಲ. ಅದೇ ನಿನ್ನ ತಾಮ್ರ."

"ನಮ್ಮನೆ ಹಂಡೆ ಮೂರು ತಲೆಮಾರು..."

"ಹಂಡೆ ನಿನ್ನ ಹೆಬ್ಬೆರಳಿನಷ್ಟು ದಪ್ಪ. ಇದು ವೀಳ್ಯದೆಲೆ. ತಿಕ್ಕಿ ಉಳಿಯೋದಲ್ಲ ಇದು, ಮುಟ್ಟದೆ ಉಳಿಯೋದು. ಬೇರೆ ಕೋರು ಬೇಕಂದ್ರೆ ಬೊಂಬಾಯಿಂದ ತರಿಸ್ತೀನಿ."

"ಬೇಡ," ಅಂದ ದುಗ್ಗಪ್ಪ.

ಪೈಪಿನ ನಡುವೆ ಬಿದಿರಿನ ಬದಲು ಕಬ್ಬಿಣದ ತುಂಡು ಬಂತು. ಹೀಟರು ಇದ್ದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡಿತ್ತು. ಊರಿನವರು ಸುಮ್ಮನಿರುತ್ತಾರೆಯೇ? ಕೆಸುವಿನ ಗಡ್ಡೆ ತೆಗೆದುಕೊಂಡು ಕಾಟಿ ಹತ್ತಿದರೆ ತೀರ್ಥಹಳ್ಳಿ ಮುಟ್ಟುವಾಗ ಬೆಂದಿರುತ್ತದೆ ಎಂದರು. ಬಸ್ಸು ತಪ್ಪಿದರೂ ನಡೆದೇ ಹೋದರು. ದುಗ್ಗಪ್ಪ ಅಡಿಕೆ ಮೂಟೆ, ಸೀಮೆಎಣ್ಣೆ ಡಬ್ಬ, ಒಮ್ಮೆ ಯಾರದೋ ಹೆಣ, ಬಂದದ್ದನ್ನು ಸಾಗಿಸಿದ. ಹೂವಯ್ಯನ ಬೆಂಚಿನ ಮೇಲೆ ಅವನೂ ಕೂರುತ್ತಿದ್ದ, ಚಾ ಕುಡಿದು ಏಳುತ್ತಿದ್ದ. ಮಾತಿನ ಚೀಲ ಎಲ್ಲೋ ಸೋರಿ ಹೋದವನ ಹಾಗೆ.

ಮಾರನೇ ವರ್ಷ ಮಳೆಗಾಲದ ಕೊನೆಗೆ, ಒಂದು ಮಧ್ಯಾಹ್ನ, ಅವನ ಅಂಗಳದ ಆಚೆ ಭೂತಪ್ಪ ನಿಂತಿದ್ದ. ಒಳಗೆ ಬರಲಿಲ್ಲ.

"ಗಾಡಿ ತೆಗಿ," ಅಂದ. "ಬೆಳ್ಳಿಗೆ ನೋವು ಶುರುವಾಗಿದೆ. ಇನ್ನೊಂದು ಟ್ಯಾಕ್ಸಿ ಶಿವಮೊಗ್ಗಕ್ಕೆ ಹೋಗಿದೆಯಂತೆ. ಅದಿದ್ದಿದ್ರೆ ಬರ್ತಿರಲಿಲ್ಲ."

ದುಗ್ಗಪ್ಪ ಬೀಗದ ಕೈ ತೆಗೆದುಕೊಂಡ.

ಬೆಳ್ಳಮ್ಮ ಒರಟು ಕಲೆಗಳ ಪಾದ ಊರುತ್ತ, ಯಮುನಮ್ಮನ ಹೆಗಲು ಹಿಡಿದು ಬಂದಳು. ದುಗ್ಗಪ್ಪ ಹಿಂದಿನ ಬಾಗಿಲು ತೆರೆದು ಹಿಡಿದ. ಅವಳು ಯಮುನಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಭೂತಪ್ಪ ಕಂಬಳಿ ಹಿಡಿದು ಮುಂದೆ ಕೂತ. ಕಾಲಿನ ಹತ್ತಿರ ಖಾಲಿ ತೂತು, ಅದರಿಂದ ತಣ್ಣನೆ ಗಾಳಿ ನುಗ್ಗುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಹಿಂದೆ ಬೆಳ್ಳಮ್ಮನ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ವರ್ಷದಿಂದ ಬಾಯೊಳಗೆ ಇಟ್ಟುಕೊಂಡದ್ದು ಆಗ ಹೊರಬಿತ್ತು.

"ಬೇರೆ ಹೀಟರು ಹಾಕಿಸಬಾರದಿತ್ತಾ? ನಡುಗ್ತಿದಾಳೆ ನೋಡು. ಆವತ್ತು ಬೇಡ ಅಂದ್ರೂ ಬಿಸಿ ಕೊಟ್ಟೆ, ಇವತ್ತು ಬೇಕು ಅಂದ್ರೆ ಇಲ್ಲ. ಎಂಥ ಗಾಡಿಯೋ ನಿಂದು!"

ದುಗ್ಗಪ್ಪ ಗೇರು ಹಾಕಿದ.

"ಕಂಬಳಿ ಹಿಂದಕ್ಕೆ ಕೊಡು ಭೂತಪ್ಪ, ಹೊದಿಸಲಿ. ಆವತ್ತೂ ಅಷ್ಟೇ ಸಾಕಿತ್ತು. ಬಿಸಿ ಬೇಕಾಗಿದ್ದು ನನ್ನ ಮೀಸೆಗೆ."